ಬೀದಿಗೆಲ್ಲ ಒಂದೇ ಮಗ್ಗ

ಆಗ ನನಗೆ ಅರವತ್ತಾರು. ನಾಲ್ಕೈದು ವರ್ಷದ ಹಿಂದಿನ ಮಾತು, ಕೊರೊನಾದ ಎರಡನೇ ಲಾಕ್‌ಡೌನು.

ದೊಡ್ಡಬಳ್ಳಾಪುರದಲ್ಲಿ ನಮ್ಮ ಬೀದಿ ಪೂರ್ತಿ ನೇಯುವವರದೇ. ಮನೆಯ ಮುಂಭಾಗದಲ್ಲಿ ಕರೆಂಟಿನ ಮಗ್ಗ, ಹಿಂದೆ ಒಲೆ, ನಡುವೆ ಉಳಿದ ಜಾಗದಲ್ಲಿ ನಾವು. ಆ ಸದ್ದಿನಲ್ಲೇ ಹುಟ್ಟಿ ಬೆಳೆದ ನಮಗೆ ಮೆಲ್ಲಗೆ ಮಾತಾಡುವುದು ಬರುವುದಿಲ್ಲ. ಮಗ್ಗಗಳು ನಿಂತವು, ಕಿರುಚುವುದು ನಿಲ್ಲಲಿಲ್ಲ. ಯಾರ ಮನೆಯಲ್ಲಿ ಎಣ್ಣೆ ಮುಗಿಯಿತು, ಯಾವ ಗಂಡ ಯಾವ ಹೆಂಡತಿಗೆ ಏನೆಂದ, ಎಲ್ಲವೂ ಬೀದಿಗೆಲ್ಲ ಕೇಳಿಸಿತು. ಮೊದಲೂ ಹಾಗೇ ಬೈದಾಡುತ್ತಿದ್ದೆವು. ಮಗ್ಗದ ಸದ್ದು ಅದನ್ನು ಮುಚ್ಚುತ್ತಿತ್ತು.

ನಮ್ಮ ಮನೆಯಲ್ಲಿ ಮೂವರು. ನಾನು, ನನ್ನ ಮಗಳು, ನನ್ನ ಕೊನೆಯ ತಮ್ಮ. ಮಗಳನ್ನು ಅವನಿಗೇ ಕೊಟ್ಟಿದ್ದೆ. ಅಳಿಯನಾದರೂ ನನ್ನನ್ನು ಅಕ್ಕ ಎಂದೇ ಕರೆಯುತ್ತಾನೆ, ಜಗಳವನ್ನೂ ತಮ್ಮನ ಹಾಗೆಯೇ ಆಡುತ್ತಾನೆ. ಎರಡು ಮಗ್ಗ ಇದ್ದವು. ಮೊದಲ ಲಾಕ್‌ಡೌನಿನಲ್ಲಿ ಒಂದನ್ನು ಗುಜರಿಗೆ ಕೊಟ್ಟೆವು. ಸುತ್ತಿಗೆಯಿಂದ ಹೊಡೆದು ಬಿಡಿ ಮಾಡಿ, ತೂಕ ಹಾಕಿ, ಟೆಂಪೋಗೆ ಎಸೆದುಕೊಂಡು ಹೋದರು. ಆ ಜಾಗದಲ್ಲಿ ಮಗಳು ಈರುಳ್ಳಿ ಹರಡಿದಳು.

ಉಳಿದದ್ದು ಒಂದು. ಅದರ ಮೇಲೆ ಅರ್ಧ ನೇಯ್ದ ಹಸಿರು ಸೀರೆ ಇತ್ತು. ಅಡ್ಡಕ್ಕೆ ಹಾಕುವ ಹೊಕ್ಕಿನ ನೂಲು ಮುಗಿದಿತ್ತು. ಬೆಂಗಳೂರಿನ ಅಂಗಡಿಗಳು ಬಾಗಿಲು ತೆಗೆದ ಮೇಲೆ ಕಳಿಸುತ್ತೇನೆ ಎಂದಿದ್ದರು, ನೂಲು ಕೊಟ್ಟು ಕೂಲಿಗೆ ನೇಯಿಸುವ ಸಾಹುಕಾರರು. ಅಲ್ಲಿಯವರೆಗೆ ತಿನ್ನುವುದೇನು?

"ಕೊಟ್ಬಿಡೋಣ ಅಕ್ಕ. ಇದನ್ನೂ ಕೊಟ್ಬಿಟ್ಟು ನಾನು ಬಾಶೆಟ್ಟಿಹಳ್ಳಿ ಕಡೆ ಯಾವ್ದಾದ್ರೂ ಫ್ಯಾಕ್ಟ್ರಿಗೆ ಹೋಗ್ತೀನಿ," ಎಂದ ತಮ್ಮ.

"ಸರ್ಕಾರದೋರು ನೇಯೋರ್ಗೆ ದುಡ್ಡು ಹಾಕ್ತಾರಂತೆ. ಅದು ಬರ್ಲಿ, ಒಂದು ತಿಂಗ್ಳು ತಳ್ಳೋಣ."

"ಬರ್ದೇ ಇದ್ರೆ?"

"ಆಗ ಕೊಡು. ನಾನು ಅಡ್ಡ ಬರಲ್ಲ."

ಮಾತು ಅಷ್ಟಕ್ಕೆ ನಿಂತಿತು. ಗುಜರಿಯವನಿಗೂ ಅವನು ಹಾಗೆಯೇ ಹೇಳಿಟ್ಟ.

ದುಡ್ಡು ಬರಬೇಕಾದರೆ ನೇಯುವವರು ಮಗ್ಗದ ಪಕ್ಕ ನಿಂತ ಫೋಟೋ ಕೊಡಬೇಕಿತ್ತು. ಮಗ್ಗದ ಮೇಲೆ ಬಟ್ಟೆ ಕಾಣಬೇಕು. ಒಂದು ರೇಷನ್ ಕಾರ್ಡಿಗೆ ಒಬ್ಬರೇ. ನಮ್ಮ ಕಾರ್ಡು ನನ್ನ ಹೆಸರಿನಲ್ಲಿತ್ತು, ನಾನು ನಿಂತೆ. ಚಿಕ್ಕಂದಿನಿಂದ ನೇಯ್ದವಳು ನಾನು. ಮಗಳು ಮೊಬೈಲಿನಲ್ಲಿ ಹೊಡೆದಳು.

ಅವತ್ತೇ ಎದುರುಮನೆಯವಳು ಬಂದಳು. ಮೂರು ಮಕ್ಕಳ ತಾಯಿ. ಅವಳ ಮನೆಯಲ್ಲಿ ಮಗ್ಗವಿದೆ, ಆದರೆ ನೂಲೆಲ್ಲ ಮುಗಿದು ಬೋಳಾಗಿ ನಿಂತಿತ್ತು.

"ದೊಡ್ಡಮ್ಮ, ನಿಮ್ಮ ಮಗ್ಗದ ಪಕ್ಕ ನಿಂತ್ಕೊಂಡು ಒಂದು ಫೋಟೋ ಹೊಡ್ಕೊಂಡು ಹೋಗ್ತೀನಿ. ನಮ್ದ್ರಲ್ಲಿ ಒಂದೆಳೆ ಇಲ್ಲ."

"ನಿಂತ್ಕೊ. ನೀನು ನಿಂತ್ರೆ ಮಗ್ಗ ಸವೀತದಾ?"

ಅವಳ ಹಿಂದೆ ಇನ್ನಿಬ್ಬರು ಬಂದರು, ಪಕ್ಕದ ಮನೆಯವಳು ಮತ್ತು ಮೂಲೆಮನೆಯವಳು. ಮೂಲೆಮನೆಯವಳು ಪೌಡರ್ ಹಾಕಿಕೊಂಡು, ಮದುವೆಗೆ ಹೊರಟವಳಂತೆ ಬಂದಿದ್ದಳು. "ಹೆಣ್ಣು ನೋಡೋಕೆ ಬರ್ತಾರೇನೇ?" ಎಂದು ನಾನು ರೇಗಿಸಿದೆ. ಎಲ್ಲರೂ ನಕ್ಕೆವು. ನಕ್ಕು ಎಷ್ಟೋ ದಿನವಾಗಿತ್ತು. ತಮ್ಮ ಮಾತ್ರ ಮುಖ ಗಂಟು ಹಾಕಿಕೊಂಡು ಒಳಗೆ ಹೋದ.

ಕೆಲವು ದಿನ ಕಳೆದು ಸರ್ಕಾರಿ ಕಚೇರಿಯಿಂದ ಒಬ್ಬ ಹುಡುಗ ಪರಿಶೀಲನೆಗೆ ಬಂದ. ಒಂದರ ಮೇಲೊಂದು ಮಾಸ್ಕು. ಎಷ್ಟು ಬೀದಿ ಅಲೆದಿದ್ದನೋ, ಬೆವರು ಕಿತ್ತುಕೊಂಡು ಬರುತ್ತಿತ್ತು. ಹೊಸ್ತಿಲಿನಾಚೆಯೇ ನಿಂತು ಮೊಬೈಲು ತೋರಿಸಿದ. ನಾವು ನಾಲ್ವರ ಫೋಟೋಗಳು. ಒಂದೊಂದರಲ್ಲೂ ಅದೇ ಮಗ್ಗ, ಅದೇ ಹಸಿರು ಸೀರೆ. ಗೋಡೆಯ ಮೇಲೆ ಪ್ಲಾಸ್ಟಿಕ್ ಹಾರ ಹಾಕಿಸಿಕೊಂಡ ನನ್ನ ಗಂಡ. ಸೀರೆಯ ಸೆರಗು ನೋಡಿದೆವು, ತಲೆಗೂದಲು ನೋಡಿದೆವು, ಆ ಮನುಷ್ಯ ಹಿಂದೆ ಇದ್ದದ್ದನ್ನು ಒಬ್ಬರೂ ನೋಡಿರಲಿಲ್ಲ.

"ಅಜ್ಜಿ, ನಾಲ್ಕು ಮನೆಯಲ್ಲೂ ಇವ್ರೇ ಯಜಮಾನ್ರಾ?"

ಅಷ್ಟರಲ್ಲಿ ಆ ಮೂವರೂ ಬಂದು ಅವನ ಬೆನ್ನ ಹಿಂದೆ ನಿಂತಿದ್ದರು. ಮೂಲೆಮನೆಯವಳು ಸೆರಗಿನಿಂದ ಬಾಯಿ ಮುಚ್ಚಿಕೊಂಡಳು.

"ಯಜಮಾನ್ರು ನಂಗೊಬ್ಳಿಗೇ. ಮಗ್ಗ ಎಲ್ರಿಗೂ," ಎಂದೆ. "ಇವ್ರೆಲ್ಲ ಪಾಳಿ ಮೇಲೆ ಇದ್ರಲ್ಲೇ ನೇಯ್ತಾರೆ."

ಅವನಿಗೆ ನಗು ಬಂತು. "ಫ್ಯಾಕ್ಟ್ರಿ ಥರ ಮೂರು ಶಿಫ್ಟಾ?"

"ಹೂಂ ಕಣಪ್ಪ."

ಅವನು ತಲೆ ಕೆರೆದುಕೊಂಡ. ಕೆಟ್ಟವನಲ್ಲ, ಸುಸ್ತಾಗಿದ್ದ. "ಆಯ್ತು, ಹಂಗೇ ಬರ್ಕೊತೀನಿ. ಆದ್ರೆ ಮೂರು ಶಿಫ್ಟಿಗೆ ಮೂರು ಜನ ಅಜ್ಜಿ. ನಾಲ್ಕು ಜನ ಅಂತ ಕಳಿಸಿದ್ರೆ ಮೇಲಿನೋರು ನಾಲ್ಕನ್ನೂ ಹೊಡೆದಾಕ್ತಾರೆ. ಒಬ್ರನ್ನ ತೆಗೀಬೇಕು. ಯಾರನ್ನ ತೆಗೀಲಿ, ನೀವೇ ಹೇಳ್ಬಿಡಿ."

ಆ ಮೂವರೂ ನನ್ನ ಮುಖವನ್ನೇ ನೋಡಿದರು. ತಮ್ಮ ಒಳಗಿನಿಂದ ಬಂದು ಬಾಗಿಲಿಗೆ ಒರಗಿ ನಿಂತ. ಯಾರದಾದರೂ ಹೆಸರು ಹೇಳುತ್ತೇನೆ ಎಂದು ಕಾಯುತ್ತಿದ್ದ.

"ನನ್ನನ್ನ ತೆಗಿ," ಎಂದೆ.

"ನೀವು ನೇಯಲ್ವಾ ಹಂಗಾದ್ರೆ?"

"ಇಲ್ಲ. ನಾನು ನೂಲು ಸುತ್ತಿಕೊಡೋಳು ಅಷ್ಟೆ. ನೇಯಕ್ ಬರಲ್ಲ."

ಅವನು ಅದನ್ನೇ ಬರೆದುಕೊಂಡ. ಕೆಳಗೆ ನನ್ನ ಸಹಿ ಹಾಕಿಸಿದ. ಓದು ನನಗೆ ಅಷ್ಟಕ್ಕಷ್ಟೆ, ಆದರೆ ಅಲ್ಲಿ ಏನು ಬರೆದಿದೆ ಎಂದು ಗೊತ್ತಿತ್ತು.

ಇದನ್ನು ಕೇಳಿದವರು ನನ್ನದು ದೊಡ್ಡ ಮನಸ್ಸು ಎನ್ನುತ್ತಾರೆ. ಅಂಥದ್ದೇನೂ ಇಲ್ಲ. ಅವಳನ್ನು ತೆಗಿ, ಇವಳನ್ನು ತೆಗಿ ಎಂದು ಬೆರಳು ತೋರಿಸಿದ ಮೇಲೆ ಅದೇ ಬೀದಿಯ ನಲ್ಲಿಯಲ್ಲಿ ನಾನು ನೀರು ಹಿಡಿಯಬೇಕಲ್ಲ. ನನಗೆ ಅಷ್ಟು ಶಕ್ತಿ ಉಳಿದಿರಲಿಲ್ಲ.

ಆ ಹುಡುಗ ಬೀದಿ ದಾಟಿದ್ದೇ ತಡ, ತಮ್ಮ ಶುರು ಮಾಡಿದ.

"ನೇಯಕ್ ಬರಲ್ಲ ಅಂದ್ಯಲ್ಲ! ನಂಗೆ ಕೈ ಹಿಡಿದು ನೇಯೋದು ಕಲಿಸ್ದೋಳು ಯಾರು? ನಿನ್ ಗಂಡನ ಎದುರ್ಗೇ ಹಂಗಂದ್ಯಲ್ಲ!"

"ಅವ್ರೇನೂ ಅಲ್ಲ ಅನ್ಲಿಲ್ಲ ಬಿಡು."

"ತಮಾಷೆ ಬೇಡ ಅಕ್ಕ. ಮೂರು ಮನೆಗೆ ದುಡ್ಡು, ನಮ್ಗೆ ಮಣ್ಣು. ಮಗ್ಗ ನಮ್ದು!"

"ಮಾತು ಮಾತೇ ಕಣೋ. ಫೋನ್ ಮಾಡು ಗುಜರಿಯವನ್ಗೆ."

ಮಾಡಿದ. ನಾಳೆ ಮಧ್ಯಾಹ್ನ ಟೆಂಪೋ ತರುತ್ತೇನೆ ಎಂದ ಗುಜರಿಯವನು. ಮಗಳು ಒಲೆಯ ಮುಂದೆ ಕೂತು ಅಳುತ್ತಿದ್ದಳು. ನನಗೆ ಅಳು ಬರಲಿಲ್ಲ. ಕಾಲು ನೋಯುತ್ತಿತ್ತು.

ಸಂಜೆ ಎದುರುಮನೆಯವಳು ಚೀಲದಲ್ಲಿ ಅಕ್ಕಿ ತಂದಳು. ನಮ್ಮ ಜಗಳವನ್ನು ಅವಳು ಮನೆಯಲ್ಲೇ ಕೂತು ಕೇಳಿಸಿಕೊಂಡಿದ್ದಳು.

"ಮಗ್ಗ ಕೊಡ್ಬೇಡಿ ದೊಡ್ಡಮ್ಮ. ದುಡ್ಡು ಬಂದ್ ತಕ್ಷಣ ಅರ್ಧ ನಿಮ್ಗೆ ಕೊಡ್ತೀನಿ, ಆಣೆ."

"ಅರ್ಧ ಕೊಟ್ಟು ಮಕ್ಕಳಿಗೇನು ಆಣೆ ತಿನ್ನಿಸ್ತೀಯಾ? ಅಕ್ಕಿ ಅಲ್ಲಿಡು, ಹೋಗು."

ಅಕ್ಕಿಯನ್ನು ಬೇಡ ಎನ್ನಲಿಲ್ಲ. ಅವತ್ತು ರಾತ್ರಿಗೆ ಅದನ್ನೇ ಬೇಯಿಸಿದೆವು. ತಮ್ಮ ಉಂಡು, ಗೋಡೆ ಕಡೆ ಮುಖ ಮಾಡಿ ಮಲಗಿದ.

ಆ ಹಸಿರು ಸೀರೆ ನಮ್ಮದಲ್ಲ, ಸಾಹುಕಾರರದು. ಮಗ್ಗಕ್ಕೆ ಉದ್ದಕ್ಕೆ ಎಳೆದಿದ್ದ ಹಾಸೂ ಅವರದೇ. ಗುಜರಿಯವನಿಗೆ ಕಬ್ಬಿಣ ಬೇಕು, ನೂಲನ್ನು ಅವನು ಕಸದ ಹಾಗೆ ಕಿತ್ತು ಬಿಸಾಡುತ್ತಾನೆ. ಹೋದ ಸಲ ನೋಡಿದ್ದೆ.

ಮಾರನೆಯ ಬೆಳಿಗ್ಗೆ ನೀರು ಬರುವ ಮೊದಲೇ ಎದ್ದು ಕತ್ತರಿ ತೆಗೆದುಕೊಂಡೆ. ನೇಯ್ದಿದ್ದಷ್ಟನ್ನು ಕತ್ತರಿಸಿ ಮಡಿಸಿ ಪೆಟ್ಟಿಗೆಯಲ್ಲಿಟ್ಟೆ. ಉಳಿದ ಹಾಸು ಸುತ್ತಿದ್ದ ಉರುಳೆಯನ್ನು ಮಗ್ಗದಿಂದ ಕಳಚಿ, ತಮ್ಮನನ್ನು ಎಬ್ಬಿಸಿ, ಒಂದು ತುದಿ ಅವನಿಗೆ ಹಿಡಿಸಿದೆ. ಇಬ್ಬರೂ ಹೊತ್ತುಕೊಂಡು ಬೀದಿ ದಾಟಿದೆವು. ಎದುರುಮನೆಯವಳು ಬಾಗಿಲು ತೆಗೆದು ಕಣ್ಣುಜ್ಜುತ್ತ ನಿಂತಳು.

"ನಿನ್ನ ಮಗ್ಗಕ್ಕೆ ಹಾಕ್ತೀನಿ. ಸಾಹುಕಾರ್ರು ನೂಲು ಕಳ್ಸಿದಾಗ ನಾನು ಬಂದು ನೇಯ್ತೀನಿ. ಕರೆಂಟು ನಿಂದು, ಕೂಲಿ ನಂದು. ಆಗ್ತದೋ ಇಲ್ವೋ ಈಗ್ಲೇ ಹೇಳು."

ಅವಳು ದಾರಿ ಬಿಟ್ಟಳು. ಅವಳ ಬೋಳು ಮಗ್ಗದಲ್ಲಿ ನೇಯ್ದು ಮುಗಿದ ಹಳೆಯ ಹಾಸಿನ ತುದಿಗಳಷ್ಟೇ ಮೋಟುಮೋಟಾಗಿ ಜೋತಾಡುತ್ತಿದ್ದವು. ಅವುಗಳಿಗೆ ನನ್ನ ಹಾಸಿನ ಎಳೆಗಳನ್ನು ಒಂದೊಂದಾಗಿ ಹೊಸೆದು ಸೇರಿಸಬೇಕು. ಅವಳ ಒಲೆಯಿಂದ ಒಂದು ಚಿಟಿಕೆ ಬೂದಿ ತೆಗೆದು, ಎಳೆ ಜಾರದಿರಲೆಂದು ಬೆರಳಿಗೆ ಹಚ್ಚಿಕೊಂಡು, ಎಡಗಡೆಯ ಅಂಚಿನಿಂದ ಹೊಸೆಯಲು ಕೂತೆ.