ಡಾಕ್ಟರ್ ಟೀಲ್ಮನ್ ಅವರ ಗಡಿಯಾರ ಸರಿಯಾಗಿತ್ತು

ಡಾಕ್ಟರ್ ಟೀಲ್ಮನ್ ಅವರ ಗಡಿಯಾರ ಕೆಟ್ಟಿರಲಿಲ್ಲ. ಅವರ ಲೆಕ್ಕವೂ ತಪ್ಪಿರಲಿಲ್ಲ. ತಪ್ಪಿದ್ದು ನಾನು. ಸರಿಪಡಿಸಲು ಕಾಲ ಇರುವಾಗಲೇ ಅದು ನನಗೆ ಗೊತ್ತಾಗಿತ್ತು. ಗೊತ್ತಿದ್ದೂ, ತುಂಬಿದ ಸಭೆಯಲ್ಲಿ ಆ ಮುದುಕರು ನನ್ನ ತಪ್ಪನ್ನು ತಮ್ಮದೆಂದು ಒಪ್ಪಿಕೊಂಡಾಗ ಬಾಯಿ ಮುಚ್ಚಿಕೊಂಡು ನಿಂತಿದ್ದೆ — ಇದಿಷ್ಟನ್ನು ಬರೆಯಲು ನನಗೆ ಒಂದು ಆಯಸ್ಸೇ ಬೇಕಾಯಿತು. ನಾಚಿಕೆಗೇಡು, ಇನ್ನೇನು.

ಅರವತ್ತರ ದಶಕದ ಕೊನೆಯಲ್ಲಿ ಮೈಸೂರಿನಿಂದ ನ್ಯೂಜೆರ್ಸಿಯ ಒಂದು ಹವಾಮಾನ ಪ್ರಯೋಗಾಲಯಕ್ಕೆ ಬಂದವನು ನಾನು. ಈಗ ನಮ್ಮವರೇ ತುಂಬಿಕೊಂಡಿರುವ, ಪ್ರಯೋಗಾಲಯದ ಪಕ್ಕದ ಪ್ಲೇನ್ಸ್‌ಬರೋ ಊರಿನಲ್ಲಿ ಆಗ ಹಸುಗಳಿದ್ದವು, ಮುಸುಕಿನ ಜೋಳದ ಹೊಲಗಳಿದ್ದವು. ಟೀಲ್ಮನ್ ಆ ಪ್ರಯೋಗಾಲಯದ ಅತ್ಯಂತ ಹಿರಿಯ ವಿಜ್ಞಾನಿ, ಅಂದರೆ ಯಾರಿಗೂ ಬೇಡವಾದ ವಿಜ್ಞಾನಿ. ಜರ್ಮನಿಯಲ್ಲಿ ಭೌತಶಾಸ್ತ್ರ ಓದಿ, ಕೆಲಸ ಸಿಗದೆ, ಒಂದು ಬೆಟ್ಟದ ತುದಿಯ ವೀಕ್ಷಣಾಲಯದಲ್ಲಿ ಏಳು ಬೇಸಗೆ ಒಬ್ಬರೇ ಕುಳಿತು ಗುಡುಗು ಮಳೆಯನ್ನು ಕಾದವರು. ಯುದ್ಧ ಬಂದಾಗ ಜರ್ಮನ್ ಯುದ್ಧವಿಮಾನಗಳಿಗೆ ಹವಾಮಾನ ಹೇಳುವ ಕೆಲಸಕ್ಕೆ ಹಾಕಿದರಂತೆ. "ಗಾಳಿಗೆ ಪಕ್ಷ ಇಲ್ಲ ಅಂದ್ಕೊಂಡಿದ್ದೆ. ವಿಮಾನಕ್ಕೆ ಇರುತ್ತೆ ಅನ್ನೋದನ್ನ ಮರೆತಿದ್ದೆ" ಎಂದು ಒಮ್ಮೆ ಹೇಳಿದ್ದರು. ಯುದ್ಧ ಮುಗಿದ ಮೇಲೆ ಹೆಂಡತಿಯನ್ನೂ ಬೆಟ್ಟದ ಆ ನೋಟ್‌ಬುಕ್ಕುಗಳನ್ನೂ ಕಟ್ಟಿಕೊಂಡು ಅಮೆರಿಕಕ್ಕೆ ಬಂದರು. ಅವರು ತಮ್ಮ ಬದುಕಿನಲ್ಲಿ ನಾಚಿಕೆಯಿಲ್ಲದೆ ತೋರಿಸಬಹುದಾದದ್ದು ಆ ನೋಟ್‌ಬುಕ್ಕುಗಳನ್ನು ಮಾತ್ರ.

ಅವುಗಳಲ್ಲಿ ಅವರ ಒಂದೇ ಒಂದು ಸಿದ್ಧಾಂತವಿತ್ತು. ಬಿರುಗಾಳಿ ಅಪ್ಪಳಿಸುವ ಅರ್ಧ ಗಂಟೆ ಮುಂಚೆ ವಾಯುಭಾರದಲ್ಲಿ ಒಂದು ಸಣ್ಣ ಕುಸಿತ ಕಾಣುತ್ತದೆ. ಗಾಳಿ ನೋಟಿಸ್ ಕೊಟ್ಟೇ ಬರುತ್ತದೆ ಎನ್ನುವುದು. ವಾಯುಭಾರವನ್ನು ಯಂತ್ರವೇ ಕಾಗದದ ಮೇಲೆ ಗೆರೆ ಎಳೆದು ದಾಖಲಿಸಿತ್ತು. ಆ ಕಾಗದವನ್ನು ನೋಟ್‌ಬುಕ್ಕಿಗೆ ಅಂಟಿಸಿ, ಪಕ್ಕದಲ್ಲಿ ಗಾಳಿ ಬಂದ ಹೊತ್ತನ್ನು ಟೀಲ್ಮನ್ ಕೈಯಲ್ಲಿ ಬರೆದಿದ್ದರು. ಎರಡನ್ನೂ ಕಂಪ್ಯೂಟರಿಗೆ ಹಾಕಿ ತಾಳೆ ನೋಡಬೇಕಿತ್ತು. ಅವರ ಕಣ್ಣಿಗೆ ಪೊರೆ ಬಂದಿತ್ತು. ನನಗೆ ಜರ್ಮನ್ ಬರುತ್ತದೆ ಎಂದು ನಾನೇ ಎದೆಯುಬ್ಬಿಸಿ ಹೇಳಿಕೊಂಡಿದ್ದೆ — ಬೆಂಗಳೂರಿನ ಸಂಜೆ ತರಗತಿಯಲ್ಲಿ ಕಲಿತ ಅರೆಬೆಂದ ಜರ್ಮನ್.

ಅವರು ಹೊತ್ತನ್ನೆಲ್ಲ ಅರ್ಧ ಗಂಟೆಯಿಂದಲೇ ಎಣಿಸಿ ಬರೆಯುತ್ತಿದ್ದರು: ½3, ½5, ಅದಕ್ಕೆ ಇಷ್ಟು ನಿಮಿಷ ಹಿಂದೆ ಅಥವಾ ಮುಂದೆ. ಅರೆ, ಮೂರು. ನಮಗೆ ಅದು ಮೂರೂವರೆಯಲ್ಲದೆ ಇನ್ನೇನು? ಇದನ್ನೂ ಹೋಗಿ ಕೇಳುವುದೇನು ಎಂದುಕೊಂಡೆ. ಪುಟದ ಮೇಲೆ ಪುಟ, ಮೂರೂವರೆ, ಐದೂವರೆ ಎಂದು, ಆಗಿನ ಕಂಪ್ಯೂಟರು ಓದುತ್ತಿದ್ದ ರಟ್ಟಿನ ಕಾರ್ಡುಗಳಲ್ಲಿ ತೂತು ಹೊಡೆಯುತ್ತ ಹೋದೆ. ಫಲಿತಾಂಶದಲ್ಲಿ ಕುಸಿತಕ್ಕೂ ಗಾಳಿಗೂ ಯಾವ ಸಂಬಂಧವೂ ಕಾಣಲಿಲ್ಲ. ನಮ್ಮ ಮುಖ್ಯಸ್ಥನಿಗೆ ಖುಷಿಯೋ ಖುಷಿ. ಅವನ ಹೊಸ ಕಂಪ್ಯೂಟರ್ ಮಾದರಿಯಲ್ಲಿ ಟೀಲ್ಮನ್‌ರ ಕುಸಿತಕ್ಕೆ ಜಾಗವಿರಲಿಲ್ಲ. ನ್ಯೂಯಾರ್ಕಿನ ಸಮ್ಮೇಳನದಲ್ಲಿ ನೀನೇ ಇದನ್ನು ಮಂಡಿಸು ಎಂದ. ನನ್ನ ಗ್ರೀನ್ ಕಾರ್ಡಿನ ಕಾಗದಗಳಿಗೆ ಸಹಿ ಹಾಕಬೇಕಾದವನೂ ಅವನೇ.

ಸಮ್ಮೇಳನಕ್ಕೆ ಎರಡು ವಾರ ಇರುವಾಗ ಟೀಲ್ಮನ್ ದಂಪತಿ ನಮ್ಮನ್ನು ಭಾನುವಾರ ಕಾಫಿಗೆ ಕರೆದರು. ಅವರ ಹೆಂಡತಿ ಚೀಟಿಯಲ್ಲಿ ½4 ಎಂದು ಬರೆದು ಕೊಟ್ಟಿದ್ದರು. ನಾನೂ ನನ್ನ ಹೆಂಡತಿ ಇಂದಿರೆಯೂ ನಾಲ್ಕೂವರೆಗೆ ಸರಿಯಾಗಿ ಹೋದೆವು. ಕಾಫಿ ಆರಿತ್ತು, ಕೇಕಿನ ಮೇಲೆ ಬಟ್ಟೆ ಮುಚ್ಚಿತ್ತು.

"ಒಂದು ಗಂಟೆ ಆಯ್ತು ಕಾದು" ಎಂದರು ಮಿಸೆಸ್ ಟೀಲ್ಮನ್. ನಾನು ಚೀಟಿ ತೋರಿಸಿದೆ. ಅವರು ನಕ್ಕುಬಿಟ್ಟರು. "ಅಯ್ಯೋ, ಅದು ನಮ್ಮ ಕಡೆಯ ಲೆಕ್ಕ. ನಾಲ್ಕನೇ ಗಂಟೆ ಅರ್ಧ ಕಳೀತು ಅಂತ. ಮೂರೂವರೆ!"

ಎಲ್ಲರೂ ನಕ್ಕರು. ನಾನೂ ನಕ್ಕೆ. ಏಳು ಬೇಸಗೆಯ ಗಾಳಿಯನ್ನೆಲ್ಲ ಒಂದೊಂದು ಗಂಟೆ ತಡ ಮಾಡಿಟ್ಟಿದ್ದೆ ನಾನು. ಡಾಕ್ಟರ್ ಟೀಲ್ಮನ್ ಎದುರಿಗೇ ಕುಳಿತು ನನ್ನ ತಟ್ಟೆಗೆ ಕೇಕು ಹಾಕುತ್ತಿದ್ದರು. ಆಗಲೇ ಹೇಳಬಹುದಿತ್ತು. ಒಂದೇ ಒಂದು ವಾಕ್ಯ —

ಮನೆಗೆ ಬಂದು ಇಂದಿರೆಗೆ ಹೇಳಿದೆ. ಅವಳು ಕ್ಷಣವೂ ಯೋಚಿಸಲಿಲ್ಲ. "ನಾಳೆ ಬೆಳಿಗ್ಗೇನೇ ಹೋಗಿ ಹೇಳ್ಬಿಡಿ, ರೀ. ಪಾಪ, ಅಷ್ಟು ವಯಸ್ಸಾದವರು."

"ಬಾಸ್ ಸೈನ್ ಮಾಡದೇ ಇದ್ರೆ?"

"ಮೈಸೂರಿಗೆ ಹೋಗೋಣ. ಅಲ್ಲೇನು ಅನ್ನ ಹುಟ್ಟಲ್ವಾ?"

ಮರುದಿನ ಸಂಜೆ ಅವಳು ಕೇಳಿದಳು. ಹೇಳಿದೆ, ಅವರು ನಕ್ಕು ಕ್ಷಮಿಸಿದರು, ಬೇರೆ ಲೆಕ್ಕ ಮಾಡುತ್ತಿದ್ದೇವೆ ಎಂದೆ. ಎಷ್ಟು ಸಲೀಸಾಗಿ ಬಂತು ಆ ಸುಳ್ಳು! ನಾನು ಅವರ ಕೋಣೆಯ ಕಡೆ ತಲೆಯನ್ನೂ ಹಾಕಿರಲಿಲ್ಲ.

ಸಮ್ಮೇಳನದಲ್ಲಿ ನನ್ನ ಮಾತು ಮುಗಿದಾಗ ಟೀಲ್ಮನ್ ಎರಡನೇ ಸಾಲಿನಿಂದ ಎದ್ದು ನಿಂತರು. ಬೈಯುತ್ತಾರೆ ಎಂದುಕೊಂಡೆ — ಬೈಯಲಿ ಎಂದು ಹಂಬಲಿಸಿದೆ ಕೂಡ. ಅವರು ಮೆಲ್ಲಗೆ ಹೇಳಿದರು: "ನನ್ನ ಗಡಿಯಾರ ಕೆಟ್ಟಿರಬೇಕು. ಆಗ ನಾನಿನ್ನೂ ಚಿಕ್ಕವನು. ಈ ತರುಣ ತುಂಬ ಜಾಗರೂಕ ಕೆಲಸಗಾರ, ಇವನನ್ನು ನಂಬಿ."

ಹಿಂದಿನ ಸಾಲಿನಲ್ಲಿ ಯಾರೋ ಕಿಸಕ್ಕೆಂದರು. ನಾನು ಧನ್ಯವಾದ ಹೇಳಿದೆ. ಹೌದು, ಧನ್ಯವಾದ ಹೇಳಿದೆ.

ಸಹಿ ಬಿತ್ತು, ಕೆಲಸ ಕಾಯಂ ಆಯಿತು. ಟೀಲ್ಮನ್ ಅದೇ ವರ್ಷ ನಿವೃತ್ತರಾದರು, ಮತ್ತೆ ಒಂದು ಸಾಲೂ ಬರೆಯಲಿಲ್ಲ. ಮೂರು ವರ್ಷಕ್ಕೆ ತೀರಿಕೊಂಡರು. ನಾವಿಬ್ಬರೂ ಮಾತಾಡಿಸಲು ಹೋದಾಗ ಇಂದಿರೆ ಮಿಸೆಸ್ ಟೀಲ್ಮನ್‌ರ ಕೈ ಹಿಡಿದುಕೊಂಡು, ತನಗೆ ಬಂದಷ್ಟು ಇಂಗ್ಲಿಷಿನಲ್ಲಿ, "ದೊಡ್ಡ ಮನಸ್ಸು ಅವರದು. ನಮ್ಮವರ ತಪ್ಪನ್ನ ನಗ್ತಾ ಕ್ಷಮಿಸಿದ್ರು" ಎಂದಳು.

"ಯಾವ ತಪ್ಪು?" ಎಂದು ಅವರು ನನ್ನ ಕಡೆ ತಿರುಗಿದರು.

ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡನಂತೆ. ನಾನು ಅಷ್ಟು ದಡ್ಡನಲ್ಲ. "ಕಾಫಿಗೆ ತಡವಾಗಿ ಬಂದಿದ್ದೆವಲ್ಲ, ಅದು" ಎಂದೆ. ಅವರು ಅಳುವಿನ ನಡುವೆಯೂ ನಕ್ಕರು. ಒಳಗೆ ಹೋಗಿ ಆ ನೋಟ್‌ಬುಕ್ಕುಗಳನ್ನೆಲ್ಲ ತಂದು ನನ್ನ ಕೈಗಿಟ್ಟರು. ಅವರ ಅಕ್ಷರ ಓದಬಲ್ಲವರು ನೀವೊಬ್ಬರೇ ಎಂದರು.

ಇಂದಿರೆ ಕಾರಿನಲ್ಲಿ ನೋಟ್‌ಬುಕ್ಕುಗಳನ್ನು ತೊಡೆಯ ಮೇಲಿಟ್ಟುಕೊಂಡು ಕುಳಿತಳು. "ನೀವು ಹೇಳೇ ಇರ್ಲಿಲ್ಲ, ಅಲ್ವಾ?" ಎಂದಳು. ನಾನು ರಸ್ತೆ ನೋಡುತ್ತಿದ್ದೆ. ಅವಳು ಮತ್ತೆ ಕೇಳಲಿಲ್ಲ. ಯಾರಿಗೂ ಹೇಳಲೂ ಇಲ್ಲ. ಆಮೇಲೆ ನಮ್ಮ ಮಗಳು ಹುಟ್ಟಿ ಬೆಳೆದಳು. ಅವಳು ಸುಳ್ಳು ಹೇಳಿ ಸಿಕ್ಕಿಬಿದ್ದಾಗಲೆಲ್ಲ ಇಂದಿರೆ, "ನಿಮ್ಮಪ್ಪನ್ನ ನೋಡಿ ಕಲಿ. ಕೆಲಸ ಹೋದ್ರೂ ಹೋಗ್ಲಿ ಅಂತ ನಿಜ ಒಪ್ಕೊಂಡೋರು" ಎನ್ನುತ್ತಿದ್ದಳು, ನಾನು ಕೇಳಿಸಿಕೊಳ್ಳುವಂತೆಯೇ. ನನಗೆ ಕೊಡಬಹುದಾಗಿದ್ದ ಶಿಕ್ಷೆಯನ್ನು ಅವಳು ಹಾಗೆ ಕೊಡುತ್ತ ಬಂದಳು. ಹೋದ ವರ್ಷ ಅವಳೂ ಹೋದಳು.

ಈ ಚಳಿಗಾಲ ನ್ಯೂಜೆರ್ಸಿಯದೇ ಮನ್ರೋ ಊರಿನ ನನ್ನ ಮನೆಯಲ್ಲಿ ಒಬ್ಬನೇ ಕುಳಿತು ಆ ಪುಟಗಳನ್ನು ಮೊದಲಿನಿಂದ ಓದಿ, ಪೆನ್ಸಿಲಿನಲ್ಲಿ ಲೆಕ್ಕ ಹಾಕಿದೆ. ಕುಸಿತ ಇದೆ. ಅವರು ಹೇಳಿದ ಜಾಗದಲ್ಲೇ ಇದೆ. ಆಗ ನನ್ನ ಲೇಖನ ಅಚ್ಚು ಹಾಕಿದ ಪತ್ರಿಕೆಗೆ ಎಲ್ಲವನ್ನೂ ಕಳಿಸಿದ್ದೇನೆ. ಹಾಕುತ್ತಾರೋ ಬಿಡುತ್ತಾರೋ — ಗಡಿಯಾರ ಸರಿಯಾಗಿತ್ತು ಎಂದು ಕೇಳಲು ಟೀಲ್ಮನ್ ಮನೆಯಲ್ಲಿ ಯಾರೂ ಉಳಿದಿಲ್ಲ.

ಇದನ್ನು ಕನ್ನಡದಲ್ಲಿ ಬರೆದಿರುವುದೂ ಒಂದು ಹೇಡಿತನವೇ. ನನ್ನ ಮಗಳಿಗೆ ಕನ್ನಡ ಮಾತು ಅರ್ಥವಾಗುತ್ತದೆ, ಓದಲು ಬರುವುದಿಲ್ಲ. ಶನಿವಾರ ಅವಳು ಮಕ್ಕಳನ್ನು ಕರೆದುಕೊಂಡು ಬರುತ್ತಾಳೆ. ಆ ಮಕ್ಕಳಿಗೂ ಅವಳು ಅಜ್ಜನ ಪ್ರಾಮಾಣಿಕತೆಯ ಕಥೆ ಹೇಳಿದ್ದಾಳಂತೆ. ಅವರನ್ನೆಲ್ಲ ಎದುರಿಗೆ ಕೂರಿಸಿಕೊಂಡು ನಾನೇ ಬಾಯಿಬಿಟ್ಟು ಹೇಳಬೇಕು: ಆ ಕಥೆಯಲ್ಲಿರುವ ಮನುಷ್ಯ ನಾನಲ್ಲ.