ತಿರುಗಾಮುರುಗಾ ಬೆಸೆದ ಎರಡು ತಂತಿ

ಕೌಲ್ ಬಜಾರಿನಲ್ಲಿ ನನ್ನದೊಂದು ಆಂಪ್ಲಿಫೈಯರ್ ರಿಪೇರಿ ಅಂಗಡಿ. ಮದುವೆ ಆರತಕ್ಷತೆಗಳಿದ್ದರೆ ಸಂಜೆ ಆರ್ಕೆಸ್ಟ್ರಾದಲ್ಲಿ ಗಿಟಾರ್ ನುಡಿಸುತ್ತೇನೆ. ಬಹಳ ವರ್ಷ ಆ ತಂಡದಲ್ಲಿ ಗಿಟಾರ್ ಎಂದರೆ ನಾನೊಬ್ಬನೇ. ಆಮೇಲೆ ಸಿರುಗುಪ್ಪದಿಂದ ಅವನು ಬಂದ. ನನಗಿಂತ ಹತ್ತು ವರ್ಷ ಚಿಕ್ಕವನು, ಹಗಲು ಅಕ್ಕಿ ಗಿರಣಿಯಲ್ಲಿ ಕೆಲಸ, ಫೋನಿನಲ್ಲಿ ವಿಡಿಯೊ ನೋಡಿ ಕಲಿತ ಕೈ. ಮೂರನೇ ಕಾರ್ಯಕ್ರಮದ ಹೊತ್ತಿಗೆ ಹಾಡುಗಳ ನಡುವೆ ಗಿಟಾರ್ ಒಂದೇ ನುಡಿಯುವ ಜಾಗಗಳೆಲ್ಲ ಅವನ ಪಾಲಾದವು. ನನಗೆ ಹಿಂದೆ ನಿಂತು ಹಾಡಿಗೆ ಆಸರೆಯ ಸ್ವರಗಳನ್ನು ಮೀಟುವುದಷ್ಟೇ ಉಳಿಯಿತು. ನಗುತ್ತಲೇ ಒಪ್ಪಿದೆ. ಮನೆಗೆ ಬಂದು ಊಟ ಮಾಡದೆ ಮಲಗಿದೆ.

ಸ್ವಲ್ಪ ದಿನಕ್ಕೆ ಅವನು ಎರಡನೇ ಆಂಪ್ಲಿಫೈಯರ್ ಕೊಂಡ. ವೇದಿಕೆಯ ಎರಡೂ ಬದಿಯಿಂದ ತನ್ನ ಗಿಟಾರ್ ಕೇಳಬೇಕೆಂಬ ಆಸೆ. ಆದರೆ ಎರಡಕ್ಕೂ ಒಟ್ಟಿಗೆ ಜೋಡಿಸಿದರೆ ಗುಂಯ್ ಎನ್ನುವ ಸದ್ದು ಹಾಡನ್ನೇ ನುಂಗುತ್ತಿತ್ತು. ಅಂಗಡಿಗೆ ಬಂದು ಕೂತ.

"ಅಣ್ಣಾ, ಆ ಸದ್ದು ಹೋಗಂಗ ಏನರ ಮಾಡಿಕೊಡು. ನಿನ್ನ ಬಿಟ್ರ ಬ್ಯಾರೆ ಯಾರ ಮ್ಯಾಲೂ ನನಗ ನಂಬಿಕಿ ಇಲ್ಲ."

ಮಾಡಲು ಕೂತೆ. ಬ್ರೂಸ್‌ಪೇಟೆಯ ಗುಜರಿಯಲ್ಲಿ ಹಳೆಯ ಟೆಲಿಫೋನ್ ಬೋರ್ಡುಗಳಿಂದ ಹೆಬ್ಬೆರಳಿನಷ್ಟು ದಪ್ಪದ ಎರಡು ಟ್ರಾನ್ಸ್‌ಫಾರ್ಮರ್ ಸಿಕ್ಕವು. ಅವುಗಳೊಳಗೆ ಎರಡು ಸುರುಳಿಗಳು ಒಂದನ್ನೊಂದು ಮುಟ್ಟುವುದಿಲ್ಲ. ನಾದ ಮಾತ್ರ ದಾಟುತ್ತದೆ, ಆ ಗುಂಯ್ ದಾಟುವುದಿಲ್ಲ. ಗಿಟಾರಿನ ಸಣ್ಣ ಸಂಕೇತ ಸೊರಗದಂತೆ ಮುಂದೆ ಒಂದು ಟ್ರಾನ್ಸಿಸ್ಟರ್, ಎಲ್ಲವೂ ಒಂದು ಸ್ಟೀಲ್ ಡಬ್ಬಿಯೊಳಗೆ. ಅಂಥ ಚೊಕ್ಕ ಕೆಲಸ ನಾನು ಹಿಂದೆಂದೂ ಮಾಡಿರಲಿಲ್ಲ. ನನಗೇ ಮಾಡಿಕೊಳ್ಳದ್ದನ್ನು ಅವನಿಗಾಗಿ ಮಾಡುತ್ತಿದ್ದೇನೆ ಅನ್ನಿಸಿತು. ಎರಡನೇ ಟ್ರಾನ್ಸ್‌ಫಾರ್ಮರಿನ ಎರಡು ತಂತಿಗಳನ್ನು ಬೇಕೆಂದೇ ತಿರುಗಾಮುರುಗಾ ಬೆಸೆದೆ.

ಒಂದೊಂದೇ ಆಂಪ್ಲಿಫೈಯರಿಗೆ ಹಾಕಿದರೆ ಇದು ಗೊತ್ತೇ ಆಗುವುದಿಲ್ಲ. ಅಂಗಡಿಯಲ್ಲಿ ಹಾಗೆಯೇ ನುಡಿಸಿ ತೋರಿಸಿದೆ. ಎರಡೂ ಒಟ್ಟಿಗೆ ನುಡಿದರೆ ಒಂದು ಮುಂದೆ ತಳ್ಳಿದ್ದನ್ನು ಇನ್ನೊಂದು ಹಿಂದೆ ಎಳೆಯುತ್ತದೆ. ನಾದದ ತೂಕವೇ ಹೋಗುತ್ತದೆ.

ಕುರುಗೋಡಿನ ಮದುವೆಯಲ್ಲಿ ಹಾಗೆಯೇ ಆಯಿತು. ಗುಂಯ್ ಇರಲಿಲ್ಲ, ಆದರೆ ಅವನ ಗಿಟಾರ್ ತಗಡಿನ ಮೇಲೆ ಉಗುರು ಕೆರೆದಂತೆ ಕೇಳಿತು. ಅವನು ಡಬ್ಬಿಯತ್ತ ನೋಡಲಿಲ್ಲ, ತನ್ನ ಬೆರಳುಗಳನ್ನೇ ನೋಡಿಕೊಂಡ. ಮರುದಿನ ತಂಡದ ಯಜಮಾನರಿಗೆ ಫೋನ್ ಮಾಡಿ, ತನ್ನ ಕೈ ಇನ್ನೂ ಪಳಗಿಲ್ಲ, ಮುಂದಿನ ನಾಲ್ಕು ಕಾರ್ಯಕ್ರಮ ಅಣ್ಣನೇ ನುಡಿಸಲಿ ಎಂದನಂತೆ.

ನನಗೆ ಬೇಕಾದದ್ದು ಸಿಕ್ಕಿತ್ತು. ಮುಂದಿನ ಕಾರ್ಯಕ್ರಮದಲ್ಲಿ ಅವನ ಜಾಗದಲ್ಲಿ ನಿಂತು ನುಡಿಸಿದೆ. ಜನ ಊಟದ ಕಡೆ ಎದ್ದುಹೋದರು.

ಭಾನುವಾರ ಸಿರುಗುಪ್ಪಕ್ಕೆ ಬಸ್ಸು ಹತ್ತಿದೆ. ಅವನು ಮನೆಯ ಪಡಸಾಲೆಯಲ್ಲಿ ಗಿಟಾರ್ ಹಿಡಿದು ಕೂತಿದ್ದ. ಎಡಗೈಯ ಎರಡು ಬೆರಳಿಗೆ ಪಟ್ಟಿ. ಡಬ್ಬಿ ತರಿಸಿ, ಮುಚ್ಚಳ ಬಿಚ್ಚಿ, ತಂತಿ ತೋರಿಸಿದೆ.

"ಇವು ಅದಲುಬದಲಾಗ್ಯಾವ," ಎಂದೆ.

ಅವನು ಡಬ್ಬಿಯನ್ನು ಬೆಳಕಿಗೆ ಹಿಡಿದ. "ತಪ್ಪಿ ಮಾಡಿದ್ದಾ, ಬೇಕಂತ ಮಾಡಿದ್ದಾ?"

"ಬೇಕಂತ."

"ವಾರದಿಂದ ಬೆರಳು ಒಡಿಯೋಮಟ ನುಡಿಸೀನಿ, ಅಣ್ಣಾ," ಎಂದ. ದನಿ ಏರಿಸಲಿಲ್ಲ. ಬೈದಿದ್ದರೆ ನನಗೆ ಹಗುರವಾಗುತ್ತಿತ್ತು.

ಚೀಲದಲ್ಲಿ ತಂದಿದ್ದ ಸಾಲ್ಡರಿಂಗ್ ಐರನ್ ಕಾಯಿಸಿ, ಅಲ್ಲೇ ತಂತಿ ಬದಲಿಸಿ ಬೆಸೆದೆ. ಎರಡೂ ಆಂಪ್ಲಿಫೈಯರ್ ಹಚ್ಚಿ, ಪಟ್ಟಿ ಕಟ್ಟಿದ ಬೆರಳಲ್ಲೇ ನುಡಿಸಿದ. ನಾದದಿಂದ ಪಡಸಾಲೆ ತುಂಬಿತು. ನಾಚಿಕೆಯಿಂದ ತಲೆ ತಗ್ಗಿಸಿ ಕೂತಿದ್ದಾಗಲೂ, ಈ ನಾದ ನನ್ನ ಕೈಯಿಂದ ಬರಬಾರದಿತ್ತೇ ಎಂದು ಒಳಗೆ ಸುಡುತ್ತಲೇ ಇತ್ತು.

ಈಗಲೂ ಒಂದೇ ವೇದಿಕೆಯಲ್ಲಿ ನುಡಿಸುತ್ತೇವೆ. ಅವನು ಮುಂದೆ, ನಾನು ಹಿಂದೆ. ಯಾರಿಗೂ ಅವನು ಏನೂ ಹೇಳಿಲ್ಲ, ನನ್ನನ್ನು ಅಣ್ಣಾ ಎಂದೇ ಕರೆಯುತ್ತಾನೆ. ಅಂಗಡಿಗೆ ಮಾತ್ರ ಬರುವುದಿಲ್ಲ. ಸಾಲ್ಡರಿಂಗ್ ಐರನ್ ಒಂದನ್ನು ತಾನೇ ಕೊಂಡಿದ್ದಾನೆ.