ಎದುರುಮನೆಗೆ ಬರುತ್ತಿದ್ದ ಜೀಪು

ಹೋದ ತಿಂಗಳು ತುಮಕೂರಿನ ಕಾಲೇಜೊಂದರ ಚರ್ಚಾಸ್ಪರ್ಧೆಗೆ ತೀರ್ಪುಗಾರ್ತಿಯಾಗಿ ಹೋಗಿದ್ದೆ. ಕೊನೆಗೆ ಒಂದು ಶಾಲು ಹೊದಿಸಿ ಹಾರ ಹಾಕಿದರು. ಬಂಗಾರದ ಬಣ್ಣದ ಅಂಚು, ಕತ್ತಿಗೆ ಚುಚ್ಚುವ ನೂಲು, ಯಾವ ಚಳಿಗೂ ಆಗಿಬರದ ತೆಳು ಬಟ್ಟೆ. ಮನೆಗೆ ಬಂದು ಅದನ್ನು ಕವರಿಗೆ ತುರುಕುವಾಗ ಮೂಗಿಗೆ ಒಂದು ವಾಸನೆ ಹೊಡೆಯಿತು. ಹೊಸ ಬಟ್ಟೆಯ ಗಂಜಿ, ಅದರೊಳಗೆ ನಲುಗಿದ ಸುಗಂಧರಾಜ... ಆ ವಾಸನೆ ನನ್ನನ್ನು ಎಳೆದುಕೊಂಡು ಹೋಗಿ ಶೆಟ್ಟಿಹಳ್ಳಿಯ ನಮ್ಮ ಬಾಡಿಗೆ ಮನೆಯ ಬಾಗಿಲಲ್ಲಿ ನಿಲ್ಲಿಸಿತು. ಎದುರುಮನೆ ಆಂಟಿ ಜೀಪಿನಿಂದ ಇಳಿಯುತ್ತಿದ್ದಾರೆ. ಹೆಗಲ ಮೇಲೆ ಇಂಥದೇ ಶಾಲು, ಕೈಯಲ್ಲಿ ಹಣ್ಣಿನ ಬುಟ್ಟಿ. ನಾನು ಬಾಗಿಲ ಹಿಂದೆ ನಿಂತು ಹೊಟ್ಟೆ ಉರಿದುಕೊಳ್ಳುತ್ತಿದ್ದೇನೆ.

ಇದಕ್ಕೆ ಬೇರೆ ಹೆಸರು ಕೊಟ್ಟು ಪ್ರಯೋಜನವಿಲ್ಲ. ಹೊಟ್ಟೆಕಿಚ್ಚೇ. ಅವರ ಗಂಡ ಕಾರ್ಗಿಲ್‌ನಲ್ಲಿ ಸತ್ತಿದ್ದರು. ನನ್ನಪ್ಪ ಲೈನ್‌ಮನ್, ಕಂಬದ ಮೇಲೆ ಸತ್ತಿದ್ದ. ಗುಬ್ಬಿ ಹತ್ತಿರ, ಮಳೆಗಾಳಿ ನಿಂತ ಮೇಲೆ, ತಂತಿಗೆ ಸಿಕ್ಕಿಕೊಂಡಿದ್ದ ತೆಂಗಿನ ಗರಿ ತೆಗೆಯಲು ಹತ್ತಿದವನನ್ನು ನಾಲ್ಕು ಜನ ಸೇರಿ ಇಳಿಸಬೇಕಾಯಿತು. ಆಗ ನಾನು ನಾಲ್ಕನೇ ಕ್ಲಾಸು. ಒಂದೇ ಬೀದಿ, ಎದುರುಬದುರು ಮನೆ, ಎರಡು ಮನೆಯಲ್ಲೂ ಗೋಡೆ ಮೇಲೆ ಹಾರ ಹಾಕಿದ ಫೋಟೋ. ಆದರೆ ಪ್ರತಿ ವರ್ಷ ಜುಲೈ ಕೊನೆಯಲ್ಲಿ, ಕಾರ್ಗಿಲ್ ದಿನದಂದು, ಜೀಪು ಬಂದು ನಿಲ್ಲುತ್ತಿದ್ದದ್ದು ಅವರ ಬಾಗಿಲಿಗೆ ಮಾತ್ರ. ನನಗೆ ಬೇಕಿದ್ದದ್ದು ಜೀಪಲ್ಲ. ಬುಟ್ಟಿಯಲ್ಲಿದ್ದ ಸೇಬೂ ಅಲ್ಲ, ಸೇಬಿನ ಮೇಲೆ ಕಣ್ಣಿದ್ದದ್ದು ನಿಜವಾದರೂ. ವರ್ಷಕ್ಕೊಂದು ಸಲ ಯಾರಾದರೂ ಒಬ್ಬರು ಮೈಕಿನಲ್ಲಿ ನನ್ನಪ್ಪನ ಹೆಸರು ಹೇಳಬೇಕು. ಅಷ್ಟೇ.

ಆಂಟಿಗೆ ಮಕ್ಕಳಿರಲಿಲ್ಲ. ಗಂಡನ ಜೊತೆ ಅವರು ಇದ್ದದ್ದು ಎರಡು ರಜೆಯಷ್ಟು ದಿನ. ನಾನು ಆರನೇ ಕ್ಲಾಸಿನಲ್ಲಿದ್ದಾಗ ಒಂದು ವರ್ಷ, ಒಬ್ಬರೇ ಹೋಗಲು ಬೇಜಾರು ಅಂತ ನನ್ನನ್ನೂ ಜೀಪಿಗೆ ಹತ್ತಿಸಿಕೊಂಡರು. ಗಂಡ ಗುಬ್ಬಿ ತಾಲ್ಲೂಕಿನ ಚೇಳೂರಿನವರಾದ್ದರಿಂದ ಕಾರ್ಯಕ್ರಮ ಗುಬ್ಬಿಯಲ್ಲಿ ನಡೆಯುತ್ತಿತ್ತು. ದಾರಿಯುದ್ದಕ್ಕೂ ನಾನು ಕಿಟಕಿಯಿಂದ ಮುಖ ಹೊರಗೆ ಹಾಕಿಕೊಂಡು, ಯಾರಾದರೂ ಗುರುತಿನವರು ನೋಡಲಿ ಅಂತ ಹಾರೈಸಿದೆ. ಒಬ್ಬರೂ ಸಿಗಲಿಲ್ಲ.

ವೇದಿಕೆಯ ಮೇಲೆ ಆಂಟಿಯನ್ನು ಕೂರಿಸಿದ ಸಂಘಟಕರೊಬ್ಬರು ಎರಡು ಸಲ ಎಬ್ಬಿಸಿದರು. "ಅಲ್ಲಲ್ಲಮ್ಮ, ಈ ಕಡೆ ಬನ್ನಿ. ಅಲ್ ಕೂತ್ರೆ ಪೇಪರ್ನೋರ್ ಫೋಟೋಗ್ ಬೀಳಕಿಲ್ಲ." ಅವರ ಹಿಂದೆ ಗಂಡನ ದೊಡ್ಡ ಫ್ಲೆಕ್ಸು. ದಪ್ಪ ಮೀಸೆ, ತಿರುವಿದ ತುದಿ.

ಆಮೇಲೆ ಎರಡು ನಿಮಿಷದ ಮೌನ. ನನ್ನ ಕೈಯಲ್ಲಿ ಸೆಕೆಂಡಿನ ಮುಳ್ಳಿದ್ದ ವಾಚಿತ್ತು, ಹಾಗಾಗಿ ಖಚಿತವಾಗಿ ಹೇಳಬಲ್ಲೆ, ಅದು ನಲವತ್ತೇಳು ಸೆಕೆಂಡಿನ ಮೌನ. ಅಷ್ಟರೊಳಗೆ ಒಂದು ಫೋನು ರಿಂಗಾಯಿತು, ಯಾರೋ ಕೆಮ್ಮಿದರು, ಮೈಕು ಒಂದು ಸಲ ಕುಂಯ್ ಅಂದಿತು. ಇಡೀ ದೇಶದ ದುಃಖ ಇಷ್ಟೇನಾ ಅಂತ ನಗು ಬಂತು. ನಗುತ್ತಲೇ ಇನ್ನೊಂದು ಯೋಚನೆಯೂ ಬಂತು. ನನ್ನಪ್ಪನಿಗೆ ಈ ನಲವತ್ತೇಳು ಸೆಕೆಂಡೂ ಇಲ್ಲ. ಅವನು ಸತ್ತ ದಿನ ಆ ಊರಿನವರು ಕೇಳಿದ್ದು ಕರೆಂಟು ಯಾವಾಗ ಬರುತ್ತೆ ಅಂತ.

ವಾಪಸು ಬರುವಾಗ ಜೀಪಿನಲ್ಲಿ ಆಂಟಿ ನನ್ನ ಕಿವಿಯ ಹತ್ತಿರ ಬಂದು ಹೇಳಿದರು. "ನಮ್ಮೋರಿಗೆ ಮೀಸೆ ಇರ್ಲಿಲ್ಲ ಕಣವ್ವ. ದಿನಾ ಬೆಳಗೆದ್ದು ನುಣ್ಣಗೆ ಕೆರ್ಕೋತಿದ್ರು. ಫ್ಲೆಕ್ಸ್ ಮಾಡೋನು ಬರ್ದವ್ನೆ."

"ಮತ್ತೆ ಹೇಳ್ಬೇಕಿತ್ತು ಆಂಟಿ, ತಪ್ಪು ಅಂತ!"

"ಮೊದ್ಲೊರ್ಷ ಹೇಳ್ದೆ. ಮೀಸೆ ಇದ್ರೆ ಚೆನ್ನಾಗ್ ಕಾಣ್ತದಮ್ಮ ಅಂದ್ರು. ಬುಡು, ಅವ್ರಿಗೆ ಮೀಸೆ ಇರೋರೇ ಬೇಕೇನೋ."

ಅವರು ನಕ್ಕರು. ನಾನು ನಗಲಿಲ್ಲ. ಮೀಸೆ ಬರೆದಾದರೂ ನೆನೆಯುತ್ತಾರಲ್ಲ ಅಂತ ನನ್ನ ಕಿಚ್ಚು.

ಹೈಸ್ಕೂಲಿಗೆ ಬಂದ ಮೇಲೆ ನನಗೆ ಚರ್ಚಾಸ್ಪರ್ಧೆಯ ಹುಚ್ಚು ಹಿಡಿಯಿತು. ಯಾವ ವಿಷಯ ಕೊಟ್ಟರೂ ವಿರೋಧ ಪಕ್ಷವೇ ಬೇಕು. ಒಂಬತ್ತನೇ ಕ್ಲಾಸಿನಲ್ಲಿ ಅದೇ ಗುಬ್ಬಿಯ ಕಾರ್ಯಕ್ರಮದ ಅಂಗವಾಗಿ ಶಾಲಾ ಮಕ್ಕಳಿಗೆ ಸ್ಪರ್ಧೆ ಇಟ್ಟರು. ಯೋಧನಿಗಿಂತ ದೊಡ್ಡ ದೇಶಸೇವಕನಿಲ್ಲ ಅನ್ನುವುದು ವಿಷಯ. ಅಂಥ ದಿನ, ಅಂಥ ವೇದಿಕೆಯಲ್ಲಿ ವಿರೋಧವಾಗಿ ಮಾತಾಡಲು ಯಾರೂ ಮುಂದೆ ಬರಲಿಲ್ಲ. ನಾನು ಬಂದೆ. ಗಡಿಯಲ್ಲಿ ಸತ್ತರೆ ಮೌನಾಚರಣೆ, ಕಂಬದ ಮೇಲೆ ಸತ್ತರೆ ಬರೀ ಮೌನ ಅಂದೆ. ಚಪ್ಪಾಳೆ ಬಿತ್ತು. ಚಪ್ಪಾಳೆಯ ರುಚಿ ಸಿಕ್ಕ ಮೇಲೆ ನಾಲಿಗೆ ನಿಲ್ಲುತ್ತದೆಯೇ? ವೇದಿಕೆಯ ಮೇಲಿದ್ದ ಆಂಟಿಯ ಕಡೆ ಕೈ ತೋರಿಸಿ, "ಆ ಕುರ್ಚಿಯಲ್ಲಿ ಕೂತವರಿಗೆ ವರ್ಷಕ್ಕೊಂದು ಶಾಲು. ಅವರ ಎದುರುಮನೆಯಲ್ಲಿರುವ ನನ್ನ ತಾಯಿಗೆ ಏನು?" ಅಂದೆ. ಕೊನೆಗೆ ಅಪ್ಪನ ಹೆಸರನ್ನು ಇನಿಷಿಯಲ್ ಸಮೇತ ಹೇಳಿದೆ. ಬೇರೆ ಯಾರೂ ಹೇಳದ ಮೇಲೆ ನಾನೇ ಹೇಳಬೇಕಾಯಿತು. ಮೈಕು ಅದನ್ನೂ ಉಳಿದ ಮಾತಿನಂತೆಯೇ ಒದರಿತು. ಎದುರಿಗಿದ್ದವರಲ್ಲಿ ಒಬ್ಬರು ಆಕಳಿಸಿದರು.

ಮೊದಲ ಬಹುಮಾನ ಬಂತು. ಕೊಡಿಸಿದ್ದು ಆಂಟಿಯ ಕೈಯಿಂದಲೇ. ಅವರು ಕಪ್ಪನ್ನು ನನ್ನ ಕೈಗಿಟ್ಟು, "ಚೆನ್ನಾಗ್ ಮಾತಾಡ್ದೆ ಕಣೆ" ಅಂದರು. ಕಣ್ಣಲ್ಲಿ ಬೇಸರ ಇದೆಯಾ ಅಂತ ಹುಡುಕಿದೆ. ಇದ್ದಿದ್ದರೆ ನನಗೆ ಖುಷಿಯಾಗುತ್ತಿತ್ತು ಅನ್ನುವುದನ್ನು ಈಗ ಬರೆದೇ ಬಿಡುತ್ತೇನೆ.

ಅದಾಗಿ ಎರಡು ತಿಂಗಳಿಗೆ ಪಿತೃಪಕ್ಷದ ಅಮಾವಾಸ್ಯೆ ಬಂತು. ನಮ್ಮ ಕಡೆ ಅವತ್ತು ಸತ್ತವರಿಗೆ ಎಡೆ ಇಡುತ್ತಾರೆ. ಅವರ ಫೋಟೋ ಮುಂದೆ ಬಾಳೆಲೆ ಹಾಕಿ, ಬದುಕಿದ್ದಾಗ ಅವರಿಗೆ ಏನೇನು ಇಷ್ಟವಿತ್ತೋ ಅದನ್ನೆಲ್ಲ ಬಡಿಸಿ, ಬಾಗಿಲು ಎಳೆದುಕೊಂಡು ಮನೆಯವರೆಲ್ಲ ಹೊರಗೆ ಕಾಯುವುದು, ಬಂದು ಉಂಡು ಹೋಗಲಿ ಅಂತ. ಗಂಡುಮಕ್ಕಳು ಇಡಬೇಕು ಅನ್ನುತ್ತಾರೆ. ನಮ್ಮ ಮನೆಯಲ್ಲಿ ಅಮ್ಮನೇ ಇಡುತ್ತಿದ್ದಳು. ಅಪ್ಪನಿಗೆ ಮುದ್ದೆ, ಕೋಳಿಸಾರು, ಒಂದು ಕಟ್ಟು ಬೀಡಿ. ನಾನು ಆಗಲೇ ದೇವರನ್ನೂ ದೆವ್ವವನ್ನೂ ಒಟ್ಟಿಗೆ ಬಿಟ್ಟವಳು. ಆದರೂ ಆ ಅರ್ಧ ಗಂಟೆ ಹೊರಗೆ ಕೂತಾಗ ನನ್ನ ಕಿವಿ ಒಳಗೇ ಇರುತ್ತಿತ್ತು.

ಅವತ್ತು ಮಧ್ಯಾಹ್ನ ಅಮ್ಮ ಬಾಳೆಲೆ ತರಲು ಹೋಗಿದ್ದಳು. ಆಂಟಿ ಒಂದು ಬಟ್ಟೆ ಚೀಲ ಹಿಡಿದುಕೊಂಡು ಬಂದು ಹೊಸ್ತಿಲಾಚೆ ನಿಂತರು.

"ಅಕ್ಕ ಇಲ್ವಾ ಮಗಾ?"

"ಮಾರ್ಕೆಟ್‌ಗೋಗವ್ಳೆ. ಏನಾಂಟಿ?"

"ಏನಿಲ್ಲ... ನಿಮ್ಮಪ್ಪನ ಎಲೆ ಪಕ್ದಲ್ಲಿ ಇನ್ನೊಂದ್ ಸಣ್ಣೆಲೆ ಹಾಕಕ್ಕಾಯ್ತದಾ ಅಂತ ಕೇಳಾನ ಅಂತ ಬಂದೆ. ನಮ್ಮೋರಿಗೆ." ಚೀಲ ತೆರೆದು ತೋರಿಸಿದರು. ಕಡ್ಲೆಪುರಿ, ಒಂದು ಹೊಸ ಬನೀನು, ಗಡ್ಡ ಕೆರೆಯುವ ರೇಜರು. "ಚೇಳೂರಲ್ಲಿ ನಮ್ಮತ್ತೆ ಇಡ್ತಾರೆ. ನನ್ನ ಒಳಿಕ್ಕೆ ಸೇರ್ಸಕಿಲ್ಲ. ನನ್ ಮೊಕ ಕಂಡ್ರೆ ಅವ್ರ ಮಗ ಬಾಗ್ಲಿಂದ್ಲೇ ವಾಪಸ್ ಹೋಯ್ತಾನಂತೆ."

"ನಿಮ್ಮನೇಲೇ ಇಡ್ಬೋದಲ್ಲ."

"ಒಬ್ಳೇ ಹೆಂಗಿಡ್ಲಿ? ಇಟ್ಬುಟ್ಟು ಆಚೆ ಕಾಯ್ಬೇಕಲ್ಲ. ಇನ್ನೊಬ್ರಿದ್ರೆ ಮಾತಾಡ್ಕಂಡಾದ್ರೂ ಕಾಯ್ಬೋದು."

ಇಲ್ಲಿ ನಾನು "ಒಳಗ್ ಬನ್ನಿ" ಅನ್ನಬೇಕಿತ್ತು. ಅನ್ನಲಿಲ್ಲ. ನನ್ನ ತಲೆಯಲ್ಲಿ ವಾದ ಆಗಲೇ ಜೋಡಣೆಯಾಗುತ್ತಿತ್ತು. ಬಾಗಿಲಿಗೆ ಅಡ್ಡ ನಿಂತುಕೊಂಡೆ.

"ಆಂಟಿ, ನಿಮ್ಮೋರಿಗೆ ಇಡೀ ದೇಶವೇ ಎಡೆ ಇಡುತ್ತೆ. ಜುಲೈನಲ್ಲಿ ದೊಡ್ಡ ದೊಡ್ಡ ಸಾಹೇಬ್ರೆಲ್ಲ ಎದ್ದು ನಿಂತ್ಕೋತಾರೆ. ನಮ್ಮಪ್ಪಂಗೆ ಇರೋದು ಇದೊಂದೇ ಎಲೆ. ಇದ್ರಲ್ಲೂ ನಿಮ್ಗೆ ಪಾಲು ಬೇಕಾ?"

ಅವರು ಚೀಲದ ಬಾಯನ್ನು ನಿಧಾನವಾಗಿ ಸುರುಳಿ ಸುತ್ತಿದರು.

"ನೀನ್ ಹೇಳೋದು ಸರೀನೇ ಕಣವ್ವ. ಅವ್ರನ್ನ ಎಲ್ರಿಗೂ ಹಂಚ್ಬುಟ್ಟವ್ರೆ. ನನ್ ಪಾಲಿಗೆ ಉಳ್ದಿರೋದು ಈ ಚೀಲದಷ್ಟು... ಎಲ್ಲಿಡ್ಲಿ ಅಂತ ಗೊತ್ತಾಗ್ಲಿಲ್ಲ." ಎರಡು ಹೆಜ್ಜೆ ಹೋಗಿ ತಿರುಗಿದರು. "ನಾನ್ ಬಂದಿದ್ದೆ ಅಂತ ಅಕ್ಕಂಗ್ ಹೇಳ್ಬೇಡ. ನಿನ್ನ ಬೈತಾಳೆ."

ಎದುರಾಳಿಯೇ ಒಪ್ಪಿಕೊಂಡ ಮೇಲೆ ಗೆದ್ದ ಹಾಗೆ ಅಂತ ನಮಗೆ ಶಾಲೆಯಲ್ಲಿ ಹೇಳಿಕೊಟ್ಟಿದ್ದರು. ಸಂಜೆ ಎಡೆ ಇಟ್ಟು ಅಮ್ಮನೂ ನಾನೂ ಹೊರಗೆ ಮೆಟ್ಟಿಲ ಮೇಲೆ ಕೂತೆವು. ಎದುರುಗಡೆ ಆಂಟಿ ತಮ್ಮ ಬಾಗಿಲು ಎಳೆದುಕೊಂಡು ಒಬ್ಬರೇ ಮೆಟ್ಟಿಲ ಮೇಲೆ ಕೂತಿದ್ದರು. ಅಮ್ಮ ಏನೂ ತಿಳಿಯದೆ, "ಊಟ ಆಯ್ತಾ?" ಅಂತ ಕೂಗಿ ಕೇಳಿದಳು. "ಆಯ್ತು ಕಣಕ್ಕ" ಅಂದರು. ಬೀದಿಯ ಅಗಲ ಎಷ್ಟು? ಹತ್ತು ಹೆಜ್ಜೆ. ನಾನು ಕರೆಯಲಿಲ್ಲ. ಅಪ್ಪ ಪೂರ್ತಿಯಾಗಿ ನಮಗೇ ಇದ್ದಾನೆ ಅನ್ನುವ ಸಮಾಧಾನದಲ್ಲಿ ಕೂತಿದ್ದೆ.

ಮುಂದಿನ ಬೇಸಿಗೆಯಲ್ಲಿ ಅವರು ಮನೆ ಖಾಲಿ ಮಾಡಿ ಕುಣಿಗಲ್‌ನಲ್ಲಿದ್ದ ತಮ್ಮ ಸ್ವಂತ ಅಕ್ಕನ ಮನೆಗೆ ಹೋದರು. ಆ ಜುಲೈನಲ್ಲೂ ಜೀಪು ಬಂದು ಹಳೇ ಬಾಗಿಲಿಗೇ ನಿಂತಿತು. ಡ್ರೈವರು ನನ್ನನ್ನು ಕೇಳಿದ, "ಇಲ್ಲಿದ್ದ ವೀರಪತ್ನಿ ಎಲ್ಲೋದ್ರಮ್ಮ?" ಹೆಸರು ಅವನಿಗೆ ಗೊತ್ತಿರಲಿಲ್ಲ. ಅಷ್ಟು ವರ್ಷ ಕರೆದುಕೊಂಡು ಹೋಗಿದ್ದವನು. ಅವತ್ತು ಮೊದಲ ಸಲ ನನಗೆ ಆ ಜೀಪಿನ ಮೇಲೆ ಹೊಟ್ಟೆಕಿಚ್ಚಾಗಲಿಲ್ಲ. ಆದರೂ ಕುಣಿಗಲ್‌ಗೆ ಹೋಗಿ ಅವರನ್ನು ಕಾಣಲಿಲ್ಲ. ಒಂದು ಗಂಟೆಯ ದಾರಿ. ಪರೀಕ್ಷೆ, ಕಾಲೇಜು, ಕೆಲಸ... ವಾದ ಮಾಡುವವರಿಗೆ ಕಾರಣಗಳು ಬೇಗ ಸಿಗುತ್ತವೆ.

ಎರಡು ವರ್ಷದ ಹಿಂದೆ ಆಂಟಿ ತೀರಿಕೊಂಡರು. ಕಾಮಾಲೆಯಂತೆ. ಅಮ್ಮನಿಗೆ ಬಸ್ಸಿನಲ್ಲಿ ಸಿಕ್ಕ ಹಳೇ ಪರಿಚಯದವರು ಹೇಳಿದಾಗ ಆಗಲೇ ಹನ್ನೊಂದನೆಯ ದಿನ ಕಳೆದಿತ್ತು. ಯುದ್ಧದಲ್ಲಿ ಸತ್ತವರಿಗೆ ದೇಶ ಒಂದು ದಿನ ಇಟ್ಟುಕೊಂಡಿದೆ. ಅವರ ಹಿಂದೆ ಉಳಿದು, ಶಾಲು ಹೊದ್ದು, ಮೆಲ್ಲಗೆ ಸಾಯುವವರಿಗೆ ಇಟ್ಟಿಲ್ಲ. ಈ ವಾದವನ್ನು ನಾನು ಯಾವ ವೇದಿಕೆಯಲ್ಲೂ ಮಾಡಿಲ್ಲ. ಜುಲೈನಲ್ಲಿ ಟಿವಿ ಹಾಕಿದರೆ, ಆ ಹೂವಿನ ಚಕ್ರ, ಆ ಕಹಳೆ, ಸಾಲಾಗಿ ಓದುವ ಹೆಸರುಗಳು... ಈಗಲೂ ಹೊಟ್ಟೆಯೊಳಗೆ ಅದೇ ಹಳೇ ಉರಿ ಏಳುತ್ತದೆ. ನನ್ನಪ್ಪನದು ಇಲ್ಲವಲ್ಲ ಅಂತ ಮೊದಲು. ಆಂಟಿಯದೂ ಇಲ್ಲವಲ್ಲ ಅಂತ ಆಮೇಲೆ.

ಈ ವರ್ಷದ ಪಿತೃಪಕ್ಷದ ಅಮಾವಾಸ್ಯೆಗೆ, ಅಮ್ಮ ಈಗಲೂ ಇರುವ ಅದೇ ಶೆಟ್ಟಿಹಳ್ಳಿಯ ಮನೆಯಲ್ಲಿ, ಅವಳಿಗೆ ಎಲ್ಲ ಹೇಳಿದೆ. ಅವಳು ಮುದ್ದೆ ಕಟ್ಟುತ್ತಿದ್ದಳು. ಕೈ ನಿಂತಿತು.

"ಬಾಗ್ಲಲ್ಲೇ ನಿಲ್ಲಿಸ್ ಕಳಿಸ್ದಾ?"

"ಹ್ಞೂಂ."

"ಅಯ್ಯೋ ಪಾಪಿ. ಎಷ್ಟಗಲ ಜಾಗ ಬೇಕಿತ್ತೇ ಅವ್ಳಿಗೆ?" ಕೈಲಿದ್ದ ಮುದ್ದೆಯನ್ನು ತಟ್ಟೆಗಿಟ್ಟು, "ಮೂರೆಲೆ ಹಾಕು" ಅಂದಳು.

ಒಂದು ಅಪ್ಪನಿಗೆ. ಒಂದು ಆಂಟಿಯ ಗಂಡನಿಗೆ, ಕಡ್ಲೆಪುರಿ. ಮೂರನೆಯದು ಆಂಟಿಗೆ. ಆ ಎಲೆಯ ಮುಂದೆ ಕೂತವಳಿಗೆ ಕೈ ಓಡಲಿಲ್ಲ. ಅವರಿಗೆ ಯಾವ ಬಣ್ಣದ ಶಾಲು ಯಾವ ವರ್ಷ ಬಂತು ಅಂತ ಕೇಳಿ, ಹೇಳುತ್ತೇನೆ. ಅವರು ಏನು ಇಷ್ಟಪಟ್ಟು ತಿನ್ನುತ್ತಿದ್ದರು?

"ನಂಗೂ ಗೊತ್ತಿಲ್ಲ ಕಣೆ" ಅಂದಳು ಅಮ್ಮ. "ಏನ್ ಕೊಟ್ರೂ ಚೆನ್ನಾಗದೆ ಅನ್ನೋಳು."

ಮನೆಯಲ್ಲಿದ್ದದ್ದನ್ನೆಲ್ಲ ಒಂದೊಂದು ಚೂರು ಬಡಿಸಿದೆ. ಅಮ್ಮ ಬಾಗಿಲು ಎಳೆದುಕೊಂಡು ಮೆಟ್ಟಿಲ ಮೇಲೆ ಕೂತು, ಪಕ್ಕದ ಜಾಗ ತಟ್ಟಿ ತೋರಿಸಿದಳು. ಸತ್ತವರು ಬರುತ್ತಾರೆ ಅಂತ ನಾನು ಈಗಲೂ ನಂಬುವುದಿಲ್ಲ. ಆದರೂ ಅಲ್ಲಿ ಕೂರಲಿಲ್ಲ. ಒಂದು ವೇಳೆ ಆಂಟಿ ಬಂದರೆ, ಬಾಗಿಲಲ್ಲಿ ನನ್ನ ಮುಖ ಕಂಡು ಹಿಂದಕ್ಕೆ ಹೋಗಿಬಿಟ್ಟಾರು ಅನ್ನಿಸಿ, ಬೀದಿ ದಾಟಿ ಆ ಕಡೆ ಹೋಗಿ ನಿಂತೆ.